ಹಿಡಿ ಕಾಳಿನ ಡಬ್ಬಿ

ಆ ಭಾನುವಾರ ಎಂದಿನಂತೆ ಆರಕ್ಕೆ ಎದ್ದೆ. ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ತಿಂಡಿಯ ಸೂಸಲಕ್ಕೆ ಮಂಡಕ್ಕಿ ತೋಯಿಸಿದೆ. ಸಿಂಧನೂರಿನಲ್ಲಿ ಆಗ ಭತ್ತದ ಸುಗ್ಗಿ, ಗಿರಣಿಗಳ ಕಡೆಯಿಂದ ತೌಡಿನ ವಾಸನೆ ಬರುತ್ತಿತ್ತು. ಗಂಡನ ಬಿಳಿ ಅಂಗಿಯ ಎರಡನೆಯ ಗುಂಡಿ ಸಡಿಲವಾಗಿತ್ತು, ಕೂತು ಹೊಲಿದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಂದು ನಾನು ನಿದ್ದೆಗಣ್ಣಿನಲ್ಲಿ ಇರಲಿಲ್ಲ, ಹೆದರಿಯೂ ಇರಲಿಲ್ಲ. ಅಷ್ಟು ನೀವು ನಂಬಬೇಕು.

ಸತ್ತವರ ಕಥೆ ಹೇಳುವವರನ್ನು ನಾನು ಎಂದೂ ನಂಬಿದವಳಲ್ಲ. ಲಿಂಗಸುಗೂರಿನಲ್ಲಿ ಸಿಸ್ಟರುಗಳ ಶಾಲೆಯಲ್ಲಿ ಓದುವಾಗ, ಬಾವಿಯ ಹತ್ತಿರ ಯಾರೋ ಅಳುತ್ತಾರೆಂದು ಹುಡುಗಿಯರು ಪಿಸುಗುಟ್ಟಿದರೆ ಹೋಗಿ ನೋಡಿ ಬರುತ್ತಿದ್ದವಳು ನಾನೇ. ಅಲ್ಲಿ ಒಂದು ಬೆಕ್ಕು ಇರುತ್ತಿತ್ತು, ಅಷ್ಟೇ.

ನಮ್ಮ ಅತ್ತೆ ತೀರಿಕೊಂಡು ಅಂದಿಗೆ ಒಂದು ವರ್ಷ. ಅವರ ನೆನಪಿಗೆ ಚರ್ಚಿನಲ್ಲಿ ಪ್ರಾರ್ಥನೆ ಇತ್ತು.

ಅತ್ತೆಯದು ಒಂದು ರೂಢಿ. ಒಲೆಯ ಮೇಲೆ ಎಸರಿಡುವ ಮೊದಲು ಒಂದು ಹಿಡಿ ಕಾಳು ತೆಗೆದು ತಗಡಿನ ಡಬ್ಬಿಗೆ ಹಾಕುವುದು, ಭಾನುವಾರ ಅದನ್ನು ಚರ್ಚಿಗೆ ಒಯ್ಯುವುದು. ಅಲ್ಲಿಂದ ಅದು ಇಲ್ಲದವರ ಮನೆಗೆ ಹೋಗುತ್ತದೆ. ನಮ್ಮವರಲ್ಲಿ ಅನೇಕರು ಹೀಗೆ ಮಾಡುತ್ತಾರೆ, ಆದರೆ ತರುವುದು ಬರೀ ಅಕ್ಕಿ. ಅತ್ತೆ ಸಂತೆಕಲ್ಲೂರಿನ ಜೋಳದ ಸೀಮೆಯವರು. ಅನ್ನ ಮಾಡುವಾಗ ಅಕ್ಕಿ, ಗಿರಣಿಗೆ ಕಳಿಸುವಾಗ ಜೋಳ, ಎರಡೂ ಒಂದೇ ಡಬ್ಬಿಗೆ. "ಅಮ್ಮಾರ, ನಿಮ್ಮ ಕಾಣಿಕಿ ಆರಿಸಾಕ ಇಬ್ಬರನ್ನ ಕುಂದ್ರಸಬೇಕ್ರಿ," ಎಂದು ಚರ್ಚಿನ ಹಿರಿಯರು ಚೇಷ್ಟೆ ಮಾಡುತ್ತಿದ್ದರು. "ಯಾಕ, ದೇವ್ರು ಜ್ವಾಳಕ್ಕೊಂದು ಅಕ್ಕಿಗೊಂದು ಗಂಗಾಳ ಇಟ್ಟಾನೇನು?" ಎಂದು ಅತ್ತೆ ಅವರ ಬಾಯಿ ಮುಚ್ಚಿಸುತ್ತಿದ್ದರು.

ಮಾವ ಸತ್ತಾಗ ನನ್ನ ಗಂಡನಿಗೆ ಮೂರು ವರ್ಷವಂತೆ. ಅತ್ತೆ ಆಗ ಮಸ್ಕಿಯಲ್ಲಿ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದರು. ಆ ಮಳೆಗಾಲವೆಲ್ಲ ಚರ್ಚಿನಿಂದ ಬಂದ ಹಿಡಿ ಕಾಳಿನಿಂದಲೇ ಮನೆಯ ಒಲೆ ಹೊತ್ತಿತು. ನಾನು ಮದುವೆಯಾಗಿ ಬಂದ ವಾರದಲ್ಲೇ ಡಬ್ಬಿ ತೋರಿಸಿ, "ಯಾರ ಹಿಡಿಯೋ ಏನೋ ಅವ್ವಾ, ಅದನ್ನ ಉಂಡು ನಿನ್ನ ಗಂಡ ಬೆಳದಾನ," ಎಂದಿದ್ದರು.

ಕೊನೆಯ ಎರಡು ತಿಂಗಳು ಅವರು ಹಾಸಿಗೆ ಹಿಡಿದರು. ಹಿಡಿ ಹಾಕುವ ಕೆಲಸ ನನಗೆ ಬಂತು. ಕಣ್ಣು ಮಂಜಾಗಿದ್ದರೂ ಅವರ ಕಿವಿ ಚುರುಕು. ಡಬ್ಬಿಯ ಮುಚ್ಚಳ ಬಹಳ ಬಿಗಿ, ತೆಗೆದರೆ ಠಣ್ ಎನ್ನುತ್ತಿತ್ತು. ಆ ಸಪ್ಪಳ ಕೇಳಿದ ಮೇಲೆಯೇ ಅವರು ಚಹಾ ಮುಟ್ಟುತ್ತಿದ್ದರು.

ಒಂದು ದಿನ ನನ್ನ ಕೈ ಒದ್ದೆಯಾಗಿತ್ತು. ಒಳಗಿನಿಂದ, "ಹಿಡಿ ಹಾಕಿದೇನವ್ವಾ?" ಎಂದರು. ಸುಮ್ಮನೆ ಮುಚ್ಚಳ ತೆಗೆದು ಮುಚ್ಚಿದೆ. ಠಣ್ ಎಂದಿತು. "ಹಾಕೀನ್ರಿ ಅತ್ತಿ," ಎಂದೆ. ಮರುದಿನ ಮಗಳ ಪರೀಕ್ಷೆಯ ಗಡಿಬಿಡಿ, ಅಂದೂ ಹಾಗೇ ಮಾಡಿದೆ. ಆಮೇಲೆ ಅದೇ ರೂಢಿಯಾಯಿತು. ಅವರನ್ನು ಬಿಟ್ಟು ನಾವು ಚರ್ಚಿಗೆ ಹೋಗುವುದೂ ನಿಂತಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದು, "ನಾ ಹ್ವಾದ ಮ್ಯಾಗೂ ಬಿಡಬ್ಯಾಡ, ಡಬ್ಬಿ ತುಂಬಿರ್ಲಿ," ಎಂದರು. ನಾನು ತಲೆಯಾಡಿಸಿದೆ.

ಮಣ್ಣು ಮಾಡಿ ಬಂದ ಮೇಲೆ ತೆಗೆದು ನೋಡಿದರೆ, ತಳದಲ್ಲಿ ಎರಡು ಹಿಡಿಯೂ ಇರಲಿಲ್ಲ. ಅಷ್ಟನ್ನು ಗುಬ್ಬಿಗಳಿಗೆ ಚೆಲ್ಲಿ, ಡಬ್ಬಿ ತೊಳೆದು, ಬಿಸಿಲಿಗೆ ಒಣಗಿಸಿ, ಅಡುಗೆಮನೆಯ ಮೇಲಿನ ಹಲಗೆಗೆ ಏರಿಸಿಬಿಟ್ಟೆ. ಅದನ್ನು ನೋಡಿದರೆ ನನಗೆ ನಾಚಿಕೆಯಾಗುತ್ತಿತ್ತು. ಒಂದು ವರ್ಷ ಮುಟ್ಟಲಿಲ್ಲ. ಜೋಳವೂ ಮನೆಗೆ ಬರುವುದು ನಿಂತಿತು. ರೊಟ್ಟಿಯನ್ನು ಖಾನಾವಳಿಯಿಂದ ತರಿಸುತ್ತಿದ್ದೆವು.

ಆ ಭಾನುವಾರ ಗಂಡ ಸ್ನಾನಕ್ಕೆ ಹೊರಟವರು ನಿಂತು, "ಇವತ್ತ ಅವ್ವನ ಡಬ್ಬಿ ಒಯ್ಯೂಣು. ದಿನಾ ಹಾಕ್ಕೋಂತ ಬಂದೀಯಲ್ಲ," ಎಂದರು. ನಾನು ದಿನವೂ ಹಾಕಿ, ಭಾನುವಾರ ಕೈಚೀಲದಲ್ಲಿ ಒಯ್ದು ಕೊಡುತ್ತಿದ್ದೇನೆಂದೇ ಅವರು ತಿಳಿದಿದ್ದರು. ಅವರು ಸ್ನಾನ ಮುಗಿಸುವಷ್ಟರಲ್ಲಿ ಚೀಲದ ಅಕ್ಕಿ ಸುರಿದು ತುಂಬಿಬಿಡಬೇಕೆಂದು ಸ್ಟೂಲು ಹಾಕಿ ಹತ್ತಿದೆ.

ಡಬ್ಬಿ ಒಂದು ಕೈಗೆ ಬರಲಿಲ್ಲ.

ಎರಡೂ ಕೈಯಲ್ಲಿ ಹಿಡಿದು ಇಳಿಸಿದೆ. ಅದರ ಅಕ್ಕಪಕ್ಕದ ಪಾತ್ರೆಗಳ ಮೇಲೆ ಜೇಡರ ಬಲೆ ಕಟ್ಟಿತ್ತು, ಈ ಮುಚ್ಚಳದ ಮೇಲೆ ಧೂಳು ಕೂಡ ಇರಲಿಲ್ಲ. ತೆಗೆದೆ. ಅಂಚಿನವರೆಗೆ ಕಾಳು. ಅಕ್ಕಿ, ಜೋಳ, ಎರಡೂ ಬೆರೆತದ್ದು. ಒಂದು ನುಸಿ ಇಲ್ಲ. ಕೈ ಹಾಕಿದರೆ ತಣ್ಣಗೆ ಇತ್ತು.

ಗಂಡ ಬಂದು ನೋಡಿ ಕಣ್ಣೊರೆಸಿಕೊಂಡರು. "ಜ್ವಾಳಾನೂ ಹಾಕೀಯೇನು? ಎಲ್ಲಿಂದ ತಂದಿ?" ಎಂದರು. "ಇತ್ತು," ಎಂದೆ. ಅದು ಮತ್ತೊಂದು ಸುಳ್ಳು. ಮಗಳನ್ನು ಕೇಳಿದೆ. ಸ್ಟೂಲು ಹತ್ತಿದರೂ ಅವಳ ಕೈ ಆ ಹಲಗೆಗೆ ಎಟಕುವುದಿಲ್ಲ.

ಚರ್ಚಿನಲ್ಲಿ ಹಿರಿಯರು ಡಬ್ಬಿಯನ್ನು ಬುಟ್ಟಿಗೆ ಸುರಿದು, "ಅಮ್ಮಾರ ಕಾಣಿಕಿ ಬಂತ ನೋಡ್ರಿ, ಆರಿಸಾಕ ಕುಂದ್ರೂಣು ಬರ್ರಿ," ಎಂದರು. ಎಲ್ಲರೂ ನಕ್ಕರು. ಪ್ರಾರ್ಥನೆಯ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಇದಾಗಿ ನಾಲ್ಕು ವರ್ಷ. ಮರುದಿನದಿಂದ ಒಂದು ದಿನವೂ ತಪ್ಪಿಸದೆ ಹಿಡಿ ಹಾಕುತ್ತಿದ್ದೇನೆ, ಮನೆಗೆ ಜೋಳವನ್ನೂ ತರಿಸುತ್ತೇನೆ. ಆದರೆ ಆ ಡಬ್ಬಿಯನ್ನು ತುಂಬಿದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗಂಡನಿಗೆ ನಿಜ ಹೇಳುವ ಧೈರ್ಯವೂ ಬಂದಿಲ್ಲ. ಚರ್ಚಿನ ಹೆಂಗಸರು ಯಾರೋ ನಾನಿಲ್ಲದಾಗ ಬಂದು ತುಂಬಿಟ್ಟಿರಬಹುದು ಎಂದು ಅಂದು ಸಂಜೆಯವರೆಗೆ ಸಮಾಧಾನ ಮಾಡಿಕೊಂಡಿದ್ದೆ.

ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಹುಲಿಗೆಮ್ಮಕ್ಕ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದರು. ಅವರ ಅಡುಗೆಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ.

"ಪ್ರಾರ್ಥನಿ ಚಲೋ ಆತೇನ್ರಿ?"

"ಆತ್ರಿ ಅಕ್ಕ."

"ನಿಮ್ಮತ್ತಿ ಪುಣ್ಯವಂತಿ ಬಿಡ್ರಿ, ಇಂಥಾ ಸೊಸಿ ಸಿಕ್ಕಾಳ. ನಮ್ಮಕಿ ಏಳ ಹೊಡದ್ರೂ ಏಳಂಗಿಲ್ಲ," ಎಂದು, ಕೈಯಲ್ಲಿದ್ದ ಮೆಣಸಿನಕಾಯಿಯಿಂದ ತಲೆ ಎತ್ತದೆ ಅಂದರು, "ನಾ ಅಂತೂ ದಿನಾ ಐದಕ್ಕ ನಿಮ್ಮ ಡಬ್ಬಿ ಮುಚ್ಚಳಾ ಠಣ್ ಅಂದಕೂಡ್ಲೆ ಏಳ್ತೀನ್ರಿ. ಒಂದ್ ವರ್ಷದಾಗ ಒಂದಿನಾನೂ ತಪ್ಪಿಸಿಲ್ಲ ನೋಡ್ರಿ ನೀವು."