ನನ್ನ ಮನೆ ಮಿಕ್ಸಿಗೆ ನಾನೇ ಪಡೆದ ಕೂಲಿ

ಸ್ನೇಹಿತರೇ, ಇವತ್ತು ಬೆಳಗ್ಗೆ ನಾನು ರಿಪೇರಿ ಮಾಡಿ ಕೂಲಿ ತೆಗೆದುಕೊಂಡ ಮಿಕ್ಸಿ ಸಂಜೆ ನಮ್ಮ ಅಡುಗೆಮನೆಯಲ್ಲೇ ಗುರ್ ಅನ್ನುತ್ತಿತ್ತು!

ಚಳ್ಳಕೆರೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಮನೆಯ ಮಿಕ್ಸಿ ಸುಟ್ಟು ಮೂರು ತಿಂಗಳಾಗಿತ್ತು. ಹೆಂಡತಿ ಸುಜಾತ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: “ಬಿ.ಜಿ. ಕೆರೆಯಿಂದ ಪಂಪ್‌ಸೆಟ್ ಬಂದೈತೆ, ಗಿರಾಕಿ ಕಾಯ್ತಾನೆ. ನಮ್ದು ಮನೇದೇ ಅಲ್ವಾ?”

ಬೆಳಗ್ಗೆ ಮಿಕ್ಸಿ ರಿಪೇರಿಯ ರಫೀಕ್ ಒಂದು ಬಿಚ್ಚಿದ ಮೋಟಾರ್ ತಂದು, “ಅಣ್ಣಾ, ಅರ್ಜೆಂಟ್ ಐತೆ. ಗಿರಾಕಿ ಅಕ್ಕ ಬಾಳ ಜೋರು, ಸಂಜೆಗೇ ಬೇಕಂತೆ” ಅಂದ. ಎರಡೇ ಗಂಟೆಯಲ್ಲಿ ತಂತಿ ಸುತ್ತಿ ಕೊಟ್ಟೆ. ನಾನೂರು ರೂಪಾಯಿ ಜೇಬಿಗಿಟ್ಟೆ.

ಸಂಜೆ ಮನೆಗೆ ಬಂದರೆ ಮಿಕ್ಸಿ ತಿರುಗುತ್ತಿದೆ!

“ರಫೀಕಣ್ಣಂಗೆ ಏಳ್ನೂರು ಕೊಟ್ಟು ಮಾಡಿಸ್ದೆ” ಅಂದಳು ಸುಜಾತ.

“ಅಯ್ಯೋ, ಅದ್ರಾಗೆ ನಾನೂರು ನಂಗೇ ಬಂದೈತೆ! ಮುನ್ನೂರು ದಂಡ ಆಯ್ತಲ್ಲೇ!”

ಅವಳು ನಿಧಾನವಾಗಿ ಶೇಂಗಾ ಚಟ್ನಿ ಬಡಿಸಿದಳು. “ದಂಡ ಯಾಕ್ರೀ? ಹೆಂಡ್ತಿ ಕೊಟ್ರೆ ಮೂರು ತಿಂಗ್ಳು, ಗಿರಾಕಿ ಕೊಟ್ರೆ ಎರಡು ಗಂಟೆ. ಮುನ್ನೂರು ಏನ್ ಜಾಸ್ತಿ ಆಯ್ತು?”

ತಲೆಯ ಮೇಲಿನ ಫ್ಯಾನ್ ಕೆಟ್ಟು ನಿಂತು ವಾರವಾಗಿತ್ತು. ಮರ್ಯಾದೆ ಉಳಿಸಿಕೊಳ್ಳೋಣವೆಂದು ಸ್ಕ್ರೂಡ್ರೈವರ್ ಹುಡುಕತೊಡಗಿದೆ.

“ನೀವು ಉಣ್ರಿ. ಅದ್ನೂ ರಫೀಕಣ್ಣಂಗೆ ಹೇಳಿದೀನಿ” ಅಂದಳು.

ನಾಳೆ ಅಂಗಡಿ ಬೇಗ ತೆಗೆಯಬೇಕು. ಒಂದು ಫ್ಯಾನ್ ಬರುವುದಿದೆ.