ಅಂಚೆಯ ಡೊರೀನಳ ಶಿಳ್ಳೆ

ಗ್ರೀನ್ ಬೇ ಊರಿನಲ್ಲಿ ಇಪ್ಪತ್ತು ವರ್ಷದಿಂದ ಅಂಚೆ ಹಂಚುತ್ತಿದ್ದ ಡೊರೀನ್ ಹುಟ್ಟಿದ್ದು ಶಿಕಾಗೋದಲ್ಲಿ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈ ಸಲದ ಫುಟ್‌ಬಾಲ್ ಶುರುವಾದ ಮೊದಲ ಭಾನುವಾರವೇ ಬದ್ಧವೈರಿ ಶಿಕಾಗೋ ತಂಡ ಊರಿನ ತಂಡವನ್ನು ಮಣ್ಣುಮುಕ್ಕಿಸಿತು. ಸೋಮವಾರ ಪ್ರತಿ ಬಾಗಿಲಲ್ಲೂ ಗೋಳು.

"ಈ ವರ್ಷದ ಕತೆ ಮುಗೀತು ಕಣಮ್ಮಾ!"

ಡೊರೀನ್ ಸಾವಿನ ಮನೆಗೆ ಬಂದವಳಂತೆ ಮುಖ ಮಾಡಿಕೊಂಡು ಕಾಗದ ಕೊಡುತ್ತಾ ಹೋದಳು. ಕೊನೆಯ ಮನೆಯ ಹೊತ್ತಿಗೆ ತಡೆಯಲಾಗದೆ ಶಿಳ್ಳೆ ಹೊರಟೇಬಿಟ್ಟಿತು. ಎಂಬತ್ತರ ಹಾಲ್ವರ್ಸನ್ ಅಜ್ಜಿ ಬಾಗಿಲು ತೆರೆದು ದುರುಗುಟ್ಟಿದಳು.

"ಊರೆಲ್ಲ ಅಳ್ತಿದೆ, ನಿಂಗೆ ಶಿಳ್ಳೆನಾ? ಯಾವೂರೇ ನಿಂದು?"

"ಶಿಕಾಗೋ, ಅಜ್ಜಿ," ಎಂದಳು ಡೊರೀನ್, ತಲೆ ತಗ್ಗಿಸಿ.

ಅಜ್ಜಿ ಬೀದಿಯ ಆಚೀಚೆ ನೋಡಿ ಅವಳನ್ನು ಒಳಗೆ ಎಳೆದುಕೊಂಡಳು.

"ಮೆತ್ತಗೆ ಹೇಳೇ! ನಾನೂ ಅವ್ರ ಕಡೆನೇ. ಐವತ್ತು ವರ್ಷ ಸಂಸಾರ ಮಾಡಿದ್ರೂ ಗಂಡಂಗೆ ಗೊತ್ತಾಗೋಕೆ ಬಿಡ್ಲಿಲ್ಲ."

ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಇಬ್ಬರೂ ಅಡುಗೆಮನೆಯಲ್ಲಿ ಕುಣಿದರು.