ಕೊನೆಯ ಹತ್ತು ನಿಮಿಷ ಬಿಟ್ಟು ಫ್ರೆಂಚ್ ಸಿನಿಮಾ

ನಾನು ಸಿದ್ದಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಫ್ರೆಂಚ್ ಒಂದಕ್ಷರ ಬಾರದು. ಆದರೂ ಶಿರಸಿಯ ನಮ್ಮ ಸಿನಿಮಾ ಬಳಗದಲ್ಲಿ ಫ್ರೆಂಚ್ ಸಿನಿಮಾಗಳನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ತೆರೆಯ ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ, ನಾನು ಮೈಕ್ ಹಿಡಿದು ಅದನ್ನು ಕನ್ನಡ ಮಾಡುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ.

ಬಳಗ ಕಟ್ಟಿದವರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಹಳೆಯ ಕಪ್ಪು ಬಿಳುಪಿನ ಫ್ರೆಂಚ್ ಸಸ್ಪೆನ್ಸ್ ಎಂದರೆ ಅವರಿಗೆ ಮಡಿ ಉಟ್ಟು ನೋಡಬೇಕಾದ ವಸ್ತು. ಪ್ರತಿಸಲ ಮೊದಲು ಕಾಲು ಗಂಟೆ ಭಾಷಣ. "ನಿಧಾನವೇ ಇದರ ಶಕ್ತಿ" ಎನ್ನುವರು. ನಿಧಾನದ ವಿಷಯದಲ್ಲಿ ಸುಳ್ಳಿಲ್ಲ. ಓವರ್‌ಕೋಟಿನವನೊಬ್ಬ ಸಿಗರೇಟು ಹಚ್ಚಿ, ಮೆಟ್ಟಿಲು ಹತ್ತಿ, ಟೋಪಿ ತೆಗೆದಿಟ್ಟು, ಇನ್ನೊಂದು ಸಿಗರೇಟು ಹಚ್ಚುವಷ್ಟರಲ್ಲಿ ನಮ್ಮ ಅರ್ಧ ಸಭೆ ಚಾ ಕುಡಿದು ಬಂದಿರುತ್ತದೆ. ಅಲ್ಲಿನ ಹೆಂಗಸರಿಗೆ ಕಿಟಕಿಯ ಬಳಿ ನಿಂತು ಹೊರಗೆ ನೋಡುವುದೊಂದೇ ಉದ್ಯೋಗ. ಅವರಿಗೆ ಮಾತು ಕಡಿಮೆ, ಹಾಗಾಗಿ ನನ್ನ ಗಂಟಲಿಗೆ ಆರಾಮ.

ಆ ಭಾನುವಾರದ ಸಿನಿಮಾದಲ್ಲಿ ಒಬ್ಬ ವಕೀಲ ತನ್ನ ಅಣ್ಣನನ್ನು ಕೊಂದು ನೆಲಮಾಳಿಗೆಯ ವೈನ್ ಪೀಪಾಯಿಯೊಳಗೆ ಮುಳುಗಿಸಿಡುತ್ತಾನೆ. ಅಣ್ಣ ಎಲ್ಲಿ ಎಂದು ಕೇಳಿಕೊಂಡು ಬಂದ ಇನ್‌ಸ್ಪೆಕ್ಟರ್ ದಿನಾ ಮಧ್ಯಾಹ್ನ ಅದೇ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಊಟದ ಜೊತೆ ವೈನು. ನೆಲಮಾಳಿಗೆಯಲ್ಲಿ ಇರುವುದು ಆರೇ ಪೀಪಾಯಿ, ದಿನಕ್ಕೊಂದರಿಂದ ಹೂಜಿ ತುಂಬುತ್ತಾರೆ, ಅಣ್ಣ ಇರುವುದು ಕೊನೆಯದರಲ್ಲಿ.

ಮುಂದಿನ ಸಾಲಿನಲ್ಲಿ ನನ್ನ ದೊಡ್ಡಮ್ಮ ಕೂತಿದ್ದಳು. ಎಪ್ಪತ್ತೆಂಟು ವರ್ಷ, ಕಿವಿ ಮಂದ, ಹಾಗಾಗಿ ಗುಟ್ಟಿನಲ್ಲಿ ಹೇಳಿದ್ದೂ ಇಡೀ ಸಭೆಗೆ ಕೇಳುತ್ತದೆ.

"ಏ ತಂಗಿ, ನಾಲ್ಕು ದಿನ ಆತು. ವಾಸನೆ ಬತ್ತಿಲ್ಯಾ?"

"ವೈನ್‌ನಲ್ಲಿ ಮುಳುಗಿದ್ದು ದೊಡ್ಡಮ್ಮ, ಬತ್ತಿಲ್ಲೆ" ಎಂದೆ, ಮೈಕ್ ಆರಿಸುವುದನ್ನು ಮರೆತು. ಸಭೆ ನಕ್ಕಿತು. ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು.

ಆರನೇ ದಿನ. ಇನ್‌ಸ್ಪೆಕ್ಟರ್ ಗ್ಲಾಸು ಮುಂದೆ ಚಾಚಿದ. ಕೆಲಸದವಳು ಹೂಜಿ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದಳು. ವಕೀಲ ಕರವಸ್ತ್ರವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಯಾರೂ ಮಾತಾಡುತ್ತಿಲ್ಲ, ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ, ಬರೀ ಚಪ್ಪಲಿಯ ಸಪ್ಪಳ. ನಮ್ಮ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಷ್ಟು ಹೊತ್ತು ಗೇಲಿ ಮಾಡುತ್ತಿದ್ದ ನಾನೂ ಮೈಕ್ ಕೆಳಗಿಟ್ಟು ತೆರೆಯನ್ನೇ ನೋಡುತ್ತಿದ್ದೆ. ನಿಧಾನದಿಂದ ಏನು ಸಾಧ್ಯ ಎಂದು ಆಗ ತಿಳಿಯಿತು. ಮಚ್ಚು, ರಕ್ತ, ಡಿಶುಂ ಯಾವುದೂ ಬೇಡ, ಒಂದು ಹೂಜಿ ಸಾಕು.

ಕರೆಂಟು ಹೋಯಿತು.

ಜನರೇಟರಿಗೆ ಡೀಸೆಲ್ ಇರಲಿಲ್ಲ. ಕಿಟಕಿ ತೆರೆದದ್ದಾಯಿತು. ಯಾರೂ ಮನೆಗೆ ಹೊರಡಲೊಲ್ಲರು. "ಮುಂದೇನಾಯ್ತು, ಮೇಡಂ?" ಎಂದು ನನ್ನನ್ನೇ ಕೇಳಿದರು, ನಾನೇ ಕೊಲೆ ಮಾಡಿದವಳ ಹಾಗೆ.

ಯಲ್ಲಾಪುರದ ಒಬ್ಬ ಸಾಹೇಬರು ಎದ್ದು ನಿಂತರು. ಇಪ್ಪತ್ತು ವರ್ಷ ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸಿದವರು, ಈಗ ಸ್ವಂತದ್ದು ಎರಡು ಲಾರಿ ಇಟ್ಟಿದ್ದಾರೆ. "ಇನ್‌ಸ್ಪೆಕ್ಟರ್‌ಗೆ ಮೊದಲ್ನೇ ದಿನಾನೇ ಗೊತ್ತಾಗಿದೆ ಮೇಡಂ. ಆದ್ರೆ ಹಿಡಿದುಬಿಟ್ರೆ ಪುಕ್ಕಟೆ ಊಟ ತಪ್ಪತ್ತಲ್ಲ!"

ದೊಡ್ಡಮ್ಮ ಒಪ್ಪಲಿಲ್ಲ. "ಅಲ್ಲ. ಅಂವ ಕುಡೀತ. ಕುಡ್ದು, ಇವತ್ತಿಂದು ಚೊಲೋ ಇದ್ದು, ಇನ್ನೊಂಚೂರು ತಗಂಬಾ ಹೇಳ್ತ."

ಜೀವಮಾನದಲ್ಲಿ ಕಷಾಯಕ್ಕಿಂತ ಖಾರವಾದದ್ದನ್ನು ಕುಡಿಯದ ಮುದುಕಿ! ಚಪ್ಪಾಳೆ ನಿಲ್ಲಲೇ ಇಲ್ಲ.

ಮುಕ್ಕಾಲು ಗಂಟೆಯ ನಂತರ ಕರೆಂಟು ಬಂದಾಗ ನಿಜವಾದ ಕೊನೆ ನೋಡಿದೆವು. ಕೆಲಸದವಳು ನೆಲಮಾಳಿಗೆಯಲ್ಲಿ ಕಿರುಚಿದಳು. ವಕೀಲ ತನ್ನ ಪ್ರೇಯಸಿಯನ್ನು ಕೂರಿಸಿಕೊಂಡು ಕಾರಿನಲ್ಲಿ ಓಡಿದ. ಬೆಟ್ಟದ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಬ್ರೇಕ್ ಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಂಡು ಕಣಿವೆಗೆ ಬಿದ್ದರು. ಕಥೆಗೆ ದಾರಿ ಕಾಣದಾದಾಗ ಈ ಫ್ರೆಂಚರು ವಿಧಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸುತ್ತಾರೆ.

ಸಾಹೇಬರಿಗೆ ತಡೆಯಲಾಗಲಿಲ್ಲ. "ಬ್ರೇಕ್ ಹೋದ್ರೆ ಗೇರ್ ಇಳಿಸ್ಬೇಕು, ಹ್ಯಾಂಡ್‌ಬ್ರೇಕ್ ಎಳೀಬೇಕು. ಹುಡುಗಿ ಮುಖ ನೋಡ್ತಾ ಕೂತ್ರೆ ಬೀಳದೆ ಇನ್ನೇನು?"

ಸಭೆ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರ್ ಪ್ರೊಜೆಕ್ಟರ್ ಎತ್ತಿಕೊಂಡು, ಯಾರ ಹತ್ತಿರವೂ ಮಾತಾಡದೆ ಹೊರಟುಹೋದರು. ಮುಂದಿನ ಮೂರು ಭಾನುವಾರ ಸಿನಿಮಾ ಇರಲಿಲ್ಲ.

ನನಗೆ ಕಸಿವಿಸಿಯಾಯಿತು. ನಾಲ್ಕನೇ ಭಾನುವಾರ ಸಾಹೇಬರನ್ನು ಕರೆದುಕೊಂಡು ಮ್ಯಾನೇಜರ ಮನೆಗೆ ಹೋದೆ. ಸಾಹೇಬರು ಬಾಗಿಲಲ್ಲೇ, "ತಪ್ಪಾಯ್ತು ಸರ್, ಬಾಯಿ ತಡೀಲಿಲ್ಲ" ಎಂದರು.

ಮ್ಯಾನೇಜರ್ ನಮ್ಮನ್ನು ಕೂರಿಸಿ, ಒಳಗೆ ಹೋಗಿ ತಾವೇ ಚಾ ಮಾಡಿ ತಂದರು. ಲೋಟ ನಮ್ಮ ಕೈಗಿಟ್ಟು ಹೇಳಿದರು: "ನಿಮ್ಮ ಮೇಲೆ ಸಿಟ್ಟಿಲ್ಲ. ನನಗೆ ನಾಚಿಕೆಯಾಗಿತ್ತು. ಆ ಕೊನೆ ನಾನೂ ಅವತ್ತೇ ಮೊದಲು ನೋಡಿದ್ದು."

"ಅಂದ್ರೆ?"

"ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಒಂದು ಫಿಲ್ಮ್ ಸೊಸೈಟಿ ಇತ್ತು. ಶನಿವಾರ ಸಿನಿಮಾ ಮುಗಿಯೋದಕ್ಕೆ ಹತ್ತು ನಿಮಿಷ ಮೊದಲೇ ನನಗೆ ಊರಿಗೆ ಬರೋ ಶಿರಸಿ ಬಸ್ಸು. ಇದನ್ನೂ ಕೊನೆಗೆ ಮೊದಲೇ ಬಿಟ್ಟು ಬಂದವ ನಾನು. ಬಸ್ಸಿನಲ್ಲಿ ಕೂತು ಕೊನೆ ನಾನೇ ಕಟ್ಟಿಕೊಳ್ತಿದ್ದೆ. ಇಷ್ಟು ವರ್ಷ ಹೊಗಳಿದ್ದು ಅದನ್ನೇ."

ನಗಬಾರದೆಂದು ನಾನು ಚಾ ಲೋಟದೊಳಗೆ ಮುಖ ಹುದುಗಿಸಿದೆ. ಸಾಹೇಬರು ಮಾತ್ರ ಗಂಭೀರವಾಗಿ ಕೇಳಿದರು, "ಮತ್ತೆ ಈ ವಕೀಲಂದು ಏನು ಮಾಡಿದ್ರಿ ಸರ್?"

ಮ್ಯಾನೇಜರ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕೆಲಸದವಳು ಹೂಜಿ ತುಂಬಿಸಿಕೊಂಡು ಮೇಲೆ ಬರುತ್ತಾಳೆ, ಅವಳಿಗೆ ಎಲ್ಲ ಗೊತ್ತು, ಆದರೆ ಬಡಿಸುವಾಗ ಮೊದಲು ವಕೀಲನ ಗ್ಲಾಸಿಗೇ ಹಾಕುತ್ತಾಳೆ ಎಂದರು. ಹೇಳುವಾಗ ಅವರ ಕೈ ನಿಜವಾಗಿಯೂ ಹೂಜಿ ಹಿಡಿದ ಹಾಗೆ ಬಾಗಿತ್ತು. ಸಾಹೇಬರು ತಮ್ಮ ಚಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಈಗ ನಮ್ಮಲ್ಲಿ ಹೊಸ ಪದ್ಧತಿ. ಮುಗಿಯಲು ಹತ್ತು ನಿಮಿಷ ಇರುವಾಗ ಸಿನಿಮಾ ನಿಲ್ಲಿಸಿ, ದೀಪ ಹಾಕಿ, ಚಾ ಕೊಡುತ್ತೇವೆ. ಎಲ್ಲರೂ ತಮ್ಮ ತಮ್ಮ ಕೊನೆ ಹೇಳುತ್ತಾರೆ. ಆಮೇಲೆ ಫ್ರೆಂಚರ ಕೊನೆ ಬೇಕೆನ್ನುವವರು ಕೂತು ನೋಡಬಹುದು. ಹೋದ ವಾರ ಹಾಗೆ ಕೂತವರು ಇಬ್ಬರೇ. ಅವರಲ್ಲೊಬ್ಬರಿಗೆ ನಿದ್ದೆ ಬಂದಿತ್ತು.